ಮೂವತ್ತೈದು ಜಿಬಿ ಖರಾಬು

ಜೂನ್ 5, 2011, ಭಾನುವಾರ

ನನಗೇನೂ ಬೇಡ. ಇದನ್ನು ಮೊದಲ ಸಾಲಿನಲ್ಲೇ ಬರೆದಿಟ್ಟರೆ ಮುಂದೆ ನನಗೇ ಅನುಮಾನ ಬರುವುದಿಲ್ಲ.

ಇವತ್ತು ಹುಣಸಮಾರನಹಳ್ಳಿಯ ತವರಿನಲ್ಲಿ ಪಂಚಾಯ್ತಿ. ಅಪ್ಪ ಹೋಗಿ ವರ್ಷವಾಯಿತು. ವರ್ಷದ ತಿಥಿಯ ವಡೆ ಇನ್ನೂ ಅರಗಿಲ್ಲ, ಅಷ್ಟರಲ್ಲಿ ಅನಂತರಾಜಣ್ಣ, ತಮ್ಮ ಶಿವರಾಮ ಇಬ್ಬರೂ ಭಾಗಕ್ಕೆ ಕೂತರು. ನಡುವೆ ಹುಟ್ಟಿದವಳು ನಾನು. ಭಾಗದ ಲೆಕ್ಕಕ್ಕಿಲ್ಲ, ಕಾಫಿ ಲೋಟ ಎಣಿಸುವುದಕ್ಕಿದ್ದೆ. ಯಜಮಾನಿಕೆ ಸೋದರಮಾವ ಮುನಿಆಂಜಿನಪ್ಪನವರದು. ಸುತ್ತಮುತ್ತ ಯಾರ ಮನೆ ಒಡೆದರೂ ಗೋಡೆ ಎಲ್ಲಿ ಏಳಬೇಕು ಅಂತ ಕೋಲು ಊರಿ ತೋರಿಸುವವರು ಅವರೇ. ಪದ್ಧತಿ ಹಳೆಯದು. ಹಿರಿಯ ಮಗ ಸಮನಾಗಿ ಎರಡು ಪಾಲು ಮಾಡಬೇಕು, ಕಿರಿಯ ಮೊದಲು ಆರಿಸಿಕೊಳ್ಳಬೇಕು. ಆರಿಸುವವನು ಇನ್ನೊಬ್ಬ ಅಂತ ಗೊತ್ತಿದ್ದರೆ ಪಾಲು ಮಾಡುವವನ ಕೈ ನೆಟ್ಟಗಿರುತ್ತದೆ. ಜಮೀನು, ಮನೆ, ಟ್ರ್ಯಾಕ್ಟರು, ತಾಮ್ರದ ಹಂಡೆ ಎಲ್ಲ ಹಾಗೇ ಆಯಿತು. ಸಂಜೆ ನಾಲ್ಕಕ್ಕೆ ಉಳಿದದ್ದು ಎರಡೇ. ಏರ್‌ಪೋರ್ಟ್ ರಸ್ತೆಗೆ ಅಂಟಿಕೊಂಡ ಮೂಲೆ ಜಾಗ, ಮತ್ತು ಅಪ್ಪನ ಹಾರ್ಡ್ ಡಿಸ್ಕ್.

ಆ ಡಿಸ್ಕ್ ಹುಟ್ಟಿದ್ದು ನನ್ನಿಂದಲೇ. ಯಲಹಂಕದಲ್ಲಿ ನನ್ನದೊಂದು ಟೈಪಿಂಗ್, ಜೆರಾಕ್ಸ್ ಅಂಗಡಿ ಇದೆ. ಎರಡು ವರ್ಷದ ಹಿಂದೆ ಅಪ್ಪ ಜೇಬಿನಲ್ಲಿ ಹಿಡಿಯುವಂಥ ಡಿಜಿಟಲ್ ಕ್ಯಾಮೆರಾ ಕೊಂಡು ಹುಚ್ಚು ಹಿಡಿಸಿಕೊಂಡರು. ಮಾರುವ ಜಮೀನಿನ ಬದು, ನೆಂಟರ ನಾಮಕರಣ, ಎಮ್ಮೆ, ಜೆಸಿಬಿ, ಕಂಡದ್ದೆಲ್ಲ ಹಿಡಿದರು. ವಾರಕ್ಕೊಮ್ಮೆ ಬಸ್ ಹತ್ತಿ ಬಂದು ನನ್ನ ಮುಂದೆ ಕೂತು ಅದನ್ನೆಲ್ಲ ಒಂದು ಎಕ್ಸ್‌ಟರ್ನಲ್ ಡಿಸ್ಕಿಗೆ ತುಂಬಿಸಿಕೊಳ್ಳುವರು. ಮನೆಯ ಮದುವೆಗಳ ಡಿವಿಡಿಗಳೂ ಅದರೊಳಕ್ಕೇ ಹೋದವು. ಅಪ್ಪನಿಗೆ ನಾನೆಂದರೆ ಜೀವ. ನನ್ನ ಪಾಲು ಅಷ್ಟೇ, ಅದು ನನಗೆ ಬಂದಾಗಿದೆ.

ಮೂಲೆ ಜಾಗದಲ್ಲಿ ನಿಂತು ಅಪ್ಪ ‘ಇದು ಅನಂತನಿಗೆ’ ಅಂದ ವಿಡಿಯೋ ಡಿಸ್ಕಿನಲ್ಲಿದೆ ಅಂತ ಅಣ್ಣ. ‘ಶಿವರಾಮನಿಗೆ’ ಅಂದದ್ದಿದೆ ಅಂತ ತಮ್ಮ. ಇಬ್ಬರೂ ನೋಡಿಲ್ಲ. ಎರಡು ಕಾಪಿ ಮಾಡಿ ಇಬ್ಬರಿಗೂ ಕೊಡುತ್ತೇನೆ ಅಂದೆ. ಮಾವ ನನ್ನನ್ನು ಮಗುವನ್ನು ನೋಡಿದ ಹಾಗೆ ನೋಡಿದರು.

“ಇಬ್ರತ್ರಾನೂ ಎಲ್ಲಾ ಇದ್ರೆ ಅದು ಭಾಗ ಎಂಗಾಯ್ತದೆ? ನಕಲು ಬ್ಯಾಡ. ಅಸಲು ಒಡೀಬೇಕು.”

ಹಂಡೆಗೊಂದು ನ್ಯಾಯ, ಡಿಸ್ಕಿಗೊಂದು ನ್ಯಾಯ ಇಲ್ಲ. ಇಪ್ಪತ್ತಾರನೇ ತಾರೀಕಿಗೆ ಮತ್ತೆ ಕೂರುವುದು, ಅಷ್ಟರಲ್ಲಿ ನಾನು ಡಿಸ್ಕನ್ನು ಚೊಕ್ಕ ಮಾಡಿ ತರುವುದು, ಅಣ್ಣ ಪಾಲು ಮಾಡುವುದು, ತಮ್ಮ ಆರಿಸುವುದು. ಜುಲೈ ಎರಡಕ್ಕೆ ಆಷಾಢ ಬೀಳುತ್ತದೆ, ಅದರೊಳಗೆ ಎಲ್ಲ ರಿಜಿಸ್ಟರ್ ಆಗಬೇಕು.

ಹೊರಡುವಾಗ ಅಣ್ಣ ಚಪ್ಪಲಿ ಬಿಟ್ಟ ಜಾಗದ ತನಕ ಬಂದು ಖುಲಾಸೆ ವಿಷಯ ಎತ್ತಿದ. ಖುಲಾಸೆ ಅಂದರೆ ಹೆಣ್ಣುಮಗಳು ಆಸ್ತಿಯಲ್ಲಿ ನನಗೇನೂ ಬೇಡ ಅಂತ ಸಹಿ ಹಾಕಿ ಕೊಡುವ ಕಾಗದ. ಅದಿಲ್ಲದೆ ಭಾಗ ರಿಜಿಸ್ಟರ್ ಮಾಡಿಸುವುದು ಬೇಡ ಅಂತ ಲಾಯರ್ ಹೇಳಿದ್ದಾರಂತೆ. ಹೇಗೂ ನಿನ್ನದೇ ಅಂಗಡಿ, ನೀನೇ ಟೈಪ್ ಮಾಡಿಕೊಂಡು ಬಂದುಬಿಡಮ್ಮ ಅಂದ. ಸರಿ ಅಂದೆ. ವರ್ಷಕ್ಕೆ ಇನ್ನೂರು ಹೆಂಗಸರದ್ದು ಟೈಪ್ ಮಾಡುತ್ತೇನೆ. ಹೆಸರು, ಸರ್ವೆ ನಂಬರ್ ಬದಲಾಯಿಸಿದರೆ ಮುಗಿಯಿತು.

ಜೂನ್ 7, ಮಂಗಳವಾರ

ಡಿಸ್ಕ್ ಚುಚ್ಚಿ ನೋಡಿದೆ. ಡಬ್ಬದ ಮೇಲೆ ಐನೂರು ಜಿಬಿ, ಕಂಪ್ಯೂಟರ್ ತೋರಿಸುವುದು ನಾನೂರ ಅರವತ್ತೈದು. ಇದು ಎಲ್ಲ ಡಿಸ್ಕಿನ ಹಣೆಬರಹ. ಮಾಡುವವನು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾನೆ, ಕಂಪ್ಯೂಟರ್ ಸಾವಿರದ ಇಪ್ಪತ್ತನಾಲ್ಕರ ಲೆಕ್ಕದಲ್ಲಿ. ಬುದ್ಧಿ ಇದ್ದಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಶಿವರಾಮ ಫೋನ್ ಮಾಡಿ ಎಷ್ಟಿದೆ ಅಕ್ಕ ಅಂತ ಕೇಳಿದ, ಹೇಳಿಬಿಟ್ಟೆ.

ಹತ್ತೇ ನಿಮಿಷಕ್ಕೆ ಅಣ್ಣನ ಫೋನು. ಎರಡು ತಿಂಗಳಿಂದ ಮುಖಕ್ಕೆ ಮುಖ ಕೊಟ್ಟು ಮಾತಾಡದ ಇಬ್ಬರೂ ಈ ಮೂವತ್ತೈದು ಜಿಬಿಗಾಗಿ ಮಾತಾಡಿಕೊಂಡಿದ್ದಾರೆ. ಸರ್ವೆಯಲ್ಲಿ ಗುಂಟೆ ಕಡಿಮೆ ಬಂದರೆ ಪಕ್ಕದ ಹೊಲದವನ ಮೇಲೆ ಬೀಳುವ ಅನುಮಾನ ನನ್ನ ಮೇಲೆ ಬಿದ್ದಿತ್ತು.

“ಮೂವತ್ತೈದು ಎಲ್ಲೋಯ್ತು ಅಂತ ನಾನ್ ಕೇಳ್ತಿಲ್ಲ ಕಣಮ್ಮ. ಶಿವರಾಮ ಕೇಳ್ತಾವ್ನೆ.”

ಸಾವಿರದ ಇಪ್ಪತ್ತನಾಲ್ಕರ ಲೆಕ್ಕ ಬಿಡಿಸಿ ಹೇಳಿದೆ. ಕೇಳಿಸಿಕೊಂಡು, ಆ ಇಪ್ಪತ್ತನಾಲ್ಕು ಯಾರ ಹತ್ತಿರ ಇದೆ ಅಂದ. ಕೊನೆಗೆ ಮಾವನಿಗೇ ಫೋನ್ ಮಾಡಿದೆ. ಪಹಣಿಯಲ್ಲಿ ಬಂಡೆ, ಹಳ್ಳ, ಬಂಡಿದಾರಿ ಅಂತ ಖರಾಬು ತೋರಿಸುವುದಿಲ್ಲವೆ ಮಾವ, ಅಳತೆಯಲ್ಲಿರುತ್ತದೆ, ಉಳುವುದಕ್ಕೆ ಬರುವುದಿಲ್ಲ, ಹಾಗೇ ಇದು ಅಂದೆ. “ಓ, ಖರಾಬಾ” ಅಂದರು. ಅಲ್ಲಿಗೆ ಕೇಸು ವಜಾ. ಮಾವನನ್ನು ಯಾವುದಾದರೂ ಇಂಜಿನಿಯರಿಂಗ್ ಕಾಲೇಜಿಗೆ ಸೇರಿಸಬೇಕು, ಪಾಠ ಮಾಡುವುದಕ್ಕೆ.

ಜೂನ್ 9, ಗುರುವಾರ

ಡಿಸ್ಕಿನಲ್ಲಿ ಖಾಲಿ ಇರುವುದು ಹದಿನಾಲ್ಕು ಜಿಬಿ, ಅಂದರೆ ಮೂರು ಪರ್ಸೆಂಟ್. ಮಿಕ್ಕದ್ದೆಲ್ಲ ಗಿಜಿಗಿಜಿ. ಯಾವ ವಿಡಿಯೋ ತೆರೆದರೂ ಅಪ್ಪ ಒಂದು ಕಾಲೆತ್ತಿ ನಿಂತುಬಿಡುತ್ತಾರೆ, ಡಿಸ್ಕ್ ಕಟಕಟ ಹಲ್ಲು ಕಡಿಯುತ್ತದೆ, ಆಮೇಲೆ ಕಾಲು ಇಳಿಸುತ್ತಾರೆ. ತುಂಬಿಸಿ ಅಳಿಸಿ, ಅಳಿಸಿ ತುಂಬಿಸಿ, ಒಂದೊಂದು ಫೈಲೂ ನೂರು ಚೂರಾಗಿ ಮೂಲೆಮೂಲೆಗೆ ಹಂಚಿಹೋಗಿದೆ. ಮದುವೆ ಊಟಕ್ಕೆ ತಡವಾಗಿ ಬಂದ ಸಂಸಾರ ಒಬ್ಬೊಬ್ಬರು ಒಂದೊಂದು ಸಾಲಿನಲ್ಲಿ ಎಲೆ ಹಿಡಿದ ಹಾಗೆ. ಅವರನ್ನು ಒಟ್ಟಿಗೆ ಕೂರಿಸುವ ಕೆಲಸಕ್ಕೆ ಡಿಫ್ರಾಗ್ ಅನ್ನುತ್ತಾರೆ.

ಒತ್ತಿದೆ. ಪರದೆಯ ಪಟ್ಟಿಯ ತುಂಬ ಕೆಂಪು ಗೆರೆ. ಕೆಂಪು ಅಂದರೆ ಚೂರಾದದ್ದು, ನೀಲಿ ಅಂದರೆ ನೆಟ್ಟಗಿರುವುದು. ನೀಲಿಯನ್ನು ಕನ್ನಡಕ ಹಾಕಿಕೊಂಡು ಹುಡುಕಬೇಕು. ಆಮೇಲೆ ಕಂಪ್ಯೂಟರ್ ತನ್ನ ವರಾತ ತೆಗೆಯಿತು: ಕಡೇ ಪಕ್ಷ ಹದಿನೈದು ಪರ್ಸೆಂಟ್ ಖಾಲಿ ಜಾಗ ಇಲ್ಲದಿದ್ದರೆ ಈ ಕೆಲಸ ಸರಿಯಾಗಿ ಆಗುವುದಿಲ್ಲ. ನ್ಯಾಯವೇ. ಒಬ್ಬರನ್ನು ಎಬ್ಬಿಸಿ ಇನ್ನೊಬ್ಬರನ್ನು ಕೂರಿಸಬೇಕಾದರೆ ನಡುವೆ ನಾಲ್ಕು ಎಲೆ ಖಾಲಿ ಇರಬೇಕು. ಅಂದರೆ ಐವತ್ತಾರು ಜಿಬಿ ಅಳಿಸಬೇಕು.

ನಮ್ಮ ಯಜಮಾನರು ಯೋಗಾನಂದ ಯಶವಂತಪುರದ ಪಾರ್ಸೆಲ್ ಆಫೀಸಿನಲ್ಲಿರುವವರು, ಯಾವುದನ್ನಾದರೂ ಒಂದು ಡಬ್ಬದಿಂದ ಇನ್ನೊಂದಕ್ಕೆ ಸುರಿದರೆ ಮುಗಿಯಿತು ಅನ್ನುವ ಜಾತಿ. ಹೊಸ ಡಿಸ್ಕಿಗೆ ಕಾಪಿ ಮಾಡು, ತಾನೇ ನೆಟ್ಟಗಾಗುತ್ತೆ ಅಂದರು. ಅವರು ಹೇಳಿದ್ದು ಸರಿಯೇ. ಆದರೆ ಅದು ನಕಲು, ಮಾವನ ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಜೂನ್ 12, ಭಾನುವಾರ

ಏನು ಅಳಿಸಬೇಕು ಅಂತ ಕೇಳಿದ್ದೆ. ಹತ್ತು ಗಂಟೆಗೆ ಅಣ್ಣ ಬಂದ, ಅವನು ಹೋದ ಮೇಲೆ ಶಿವರಾಮ ಬಂದ. ಇವನು ಮೂಲೆ ಬೇಕರಿಯಲ್ಲಿ ಬನ್ನು ತಿನ್ನುತ್ತ ಅಣ್ಣನ ಕಾರು ಹೊರಡಲಿ ಅಂತ ಕಾಯುತ್ತಿದ್ದನಂತೆ.

ಅಣ್ಣ ಅಪಾರ್ಟ್‌ಮೆಂಟ್ ಕಟ್ಟಿಸುವವನು. ಶಿವರಾಮನ ಫ್ಲೆಕ್ಸ್‌ಗಳನ್ನೆಲ್ಲ ಕಿತ್ತು ಬಿಸಾಕು ಅಂದ. ಶಿವರಾಮನಿಗೆ ರಾಜಕೀಯದ ಗಾಳಿ ಬಡಿದು ನಾಲ್ಕು ವರ್ಷ. ಯಾರ ಹುಟ್ಟುಹಬ್ಬಕ್ಕಾದರೂ ಮೊಬೈಲ್ ಕಿವಿಗಿಟ್ಟುಕೊಂಡ ಭಂಗಿಯಲ್ಲಿ ಒಂದು ಬ್ಯಾನರ್ ಹಾಕಿಸುತ್ತಾನೆ. ಅಪ್ಪ ಜತನವಾಗಿ ತುಂಬಿಸಿಟ್ಟ ಆ ಡಿಸೈನ್‌ಗಳು ಒಂದೊಂದೂ ಅರ್ಧ ಜಿಬಿ. ಇಷ್ಟು ವರ್ಷದಲ್ಲಿ ಆ ಫೋನಿನ ಆ ಕಡೆ ಯಾರಿದ್ದಾರೆ ಅಂತ ಯಾರಿಗೂ ಗೊತ್ತಾಗಿಲ್ಲ. ಶಿವರಾಮ ಬಂದು ಅಣ್ಣನ ಭೂಮಿಪೂಜೆಗಳನ್ನು ಅಳಿಸು ಅಂದ. ಏಳು ಭೂಮಿಪೂಜೆ. ಅದೇ ಪೂಜಾರಿ, ಅದೇ ಹಳದಿ ಹೆಲ್ಮೆಟ್, ತೆಂಗಿನಕಾಯಿಯೂ ಅದೇ ಇರಬಹುದು. ತಮ್ಮದನ್ನು ಮುಟ್ಟಿದರೆ ಮಾತ್ರ ಸುಮ್ಮನಿರುವುದಿಲ್ಲ ಅಂತ ಇಬ್ಬರೂ ಹೇಳಿ ಹೋದರು.

ಇಬ್ಬರೂ ಒಪ್ಪಿದ್ದು ಒಂದೇ ಫೋಲ್ಡರ್. ಅದರ ಹೆಸರು ‘ವೇದಾ’. ನನ್ನ ಮದುವೆ, ಸೀಮಂತ, ಈ ಅಂಗಡಿಯ ಪೂಜೆ, ಅಪ್ಪ ಪಕ್ಕದ ಕಟಿಂಗ್ ಶಾಪಿನ ಕತ್ತರಿ ತಂದು ಟೇಪು ಕತ್ತರಿಸಿದ್ದು. ಈಗ ಅದನ್ನ ಯಾರ್ ನೋಡ್ತಾರಕ್ಕ ಅಂದ ಶಿವರಾಮ. ಅಣ್ಣ ಅಂದದ್ದೂ ಹೆಚ್ಚುಕಡಿಮೆ ಅದೇ. ನನಗೂ ಸರಿ ಅನ್ನಿಸಿತು, ನಾನೇನು ಬ್ಯಾನರ್ ಹಾಕಿಸಬೇಕಾ. ಡಿಲೀಟ್ ಒತ್ತಿದೆ. ನಾಲ್ಕು ಜಿಬಿ ರೀಸೈಕಲ್ ಬಿನ್ನಿಗೆ ಹೋಯಿತು. ಬಿನ್ ಖಾಲಿ ಮಾಡುವ ತನಕ ಜಾಗ ಸಿಗುವುದಿಲ್ಲ. ನಾಳೆ ಮಾಡುತ್ತೇನೆ, ಇವತ್ತು ಮೌಸ್ ಸರಿಯಿಲ್ಲ.

ಜೂನ್ 14, ಮಂಗಳವಾರ

ಬಿನ್ ಖಾಲಿ ಮಾಡಿಲ್ಲ. ಅಂಗಡಿಯಲ್ಲಿ ಜನ.

ಅಬ್ಬಿಗೆರೆಯಿಂದ ಧನಲಕ್ಷ್ಮಿ ಅಂತ ಒಬ್ಬಳನ್ನು ಅವಳ ಅಣ್ಣ ಖುಲಾಸೆಗೆ ಕರೆತಂದಿದ್ದ. ಅವನು ಹೊರಗೆ ಬೈಕಿನ ಮೇಲೆ ಕೂತು ಹಲ್ಲಿಗೆ ಕಡ್ಡಿ ಹಾಕುತ್ತಿದ್ದ. ನಾನು ಹಳೆಯ ಫೈಲ್ ತೆಗೆದು ಹೆಸರು ಬದಲಾಯಿಸಿ ಪ್ರಿಂಟ್ ಕೊಟ್ಟೆ. ಅವಳು ಕಾಗದ ಹಿಡಿದುಕೊಂಡು, ಓದಿ ಹೇಳಿ ಮೇಡಂ ಅಂದಳು. ಇಷ್ಟು ವರ್ಷದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಓದಿದೆ. ‘ಅರಿಶಿನ ಕುಂಕುಮದ ಬಾಬ್ತು ತೃಪ್ತಳಾಗಿ, ಯಾರ ಒತ್ತಾಯ, ಪ್ರೇರೇಪಣೆಯೂ ಇಲ್ಲದೆ, ಸ್ವಸಂತೋಷದಿಂದ ನನ್ನ ಹಕ್ಕನ್ನು ಬಿಟ್ಟುಕೊಟ್ಟಿರುತ್ತೇನೆ.’

“ಸಂತೋಷ ಅನ್ನೋದನ್ನೂ ನೀವೇ ಆಕಿದ್ದೀರಾ ಮೇಡಂ?”

ಅದು ಫಾರ್ಮ್ಯಾಟಿನಲ್ಲೇ ಇದೆ ಅಂದೆ. ತಲೆ ಅಲ್ಲಾಡಿಸಿದಳು. ಹೊರಗೆ ಹೋಗಿ ಅಣ್ಣನ ಬೈಕ್ ಹತ್ತಿ ಸಬ್ ರಿಜಿಸ್ಟ್ರಾರ್ ಆಫೀಸಿನ ಕಡೆ ಹೋದಳು. ಪ್ರಿಂಟರಿನ ಟೋನರ್ ಮುಗಿಯುತ್ತ ಬಂದಿದೆ, ನೆನಪಿಡಬೇಕು.

ಜೂನ್ 17, ಶುಕ್ರವಾರ

ಜಾಗ ಸಿಕ್ಕಿತು! ಅಪ್ಪನ ಜೇಬಿನಲ್ಲಿ.

ಅಪ್ಪನಿಗೆ ಕ್ಯಾಮೆರಾ ಆನ್ ಮಾಡುವುದು ಬರುತ್ತಿತ್ತು, ಆಫ್ ಮಾಡುವುದು ಬರುತ್ತಿರಲಿಲ್ಲ. ಶೂಟಿಂಗ್ ಮುಗಿದ ಮೇಲೆ ಹಾಗೇ ಜೇಬಿಗಿಳಿಸುವರು, ಅದು ಪಾಪ ಕಾರ್ಡು ತುಂಬುವ ತನಕ ಕತ್ತಲೆಯನ್ನು ಹಿಡಿಯುತ್ತಿತ್ತು. ಅಂಥವು ಅರವತ್ತಮೂರು ಫೈಲ್. ಜೇಬಿನ ಕತ್ತಲೆಯೇ ಐವತ್ತು ಜಿಬಿಗಿಂತ ಹೆಚ್ಚು! ಎರಡು ಮಕ್ಕಳಿಗೆ ಇದನ್ನೂ ಸಮನಾಗಿ ಹಂಚಬಹುದಿತ್ತು, ಎರಡು ಗಂಟೆ ಇವನಿಗೆ, ಎರಡು ಗಂಟೆ ಅವನಿಗೆ.

ಆದರೆ ಕೇಳದೆ ಅಳಿಸುವ ಹಾಗಿಲ್ಲ. ಮೂಲೆ ಜಾಗದ ಮಾತು ಯಾವ ಜೇಬಿನಲ್ಲಿದೆಯೋ ಯಾರಿಗೆ ಗೊತ್ತು. ಮೂರು ದಿನದಿಂದ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಜೆರಾಕ್ಸ್ ಹೊಡೆಯುತ್ತ ಕೇಳುತ್ತಿದ್ದೇನೆ. ಅಪ್ಪ ಕೆಮ್ಮುತ್ತಾರೆ. ಬಸ್ ಕಂಡಕ್ಟರ್ ಜೊತೆ ಚಿಲ್ಲರೆಗೆ ಜಗಳ ಆಡುತ್ತಾರೆ. ಹೆಬ್ಬಾಳದಲ್ಲಿ ಇಳಿಯಬೇಕಾದವರು ನಿದ್ದೆ ಹೋಗಿ ಮೇಖ್ರಿ ಸರ್ಕಲ್ ತನಕ ಹೋಗಿ ಡ್ರೈವರನ್ನು ಬೈಯುತ್ತಾರೆ. ಒಂದರಲ್ಲಿ ಯಾರಿಗೋ ಹೇಳುತ್ತಾರೆ, ನಮ್ಮ ವೇದಾ ಕಂಪ್ಯೂಟ್ರು ಇಟ್ಟವಳೆ, ಯಲಹಂಕದಾಗೆ ಅವಳಷ್ಟು ಬೇಗ ಟೈಪ್ ಮಾಡೋರು ಇಲ್ಲ ಅಂತ. ಅದನ್ನು ಎರಡು ಸಲ ಕೇಳಿದೆ. ಆಮೇಲೆ ಅಳಿಸಿದೆ, ಬಿನ್ನಿಗೂ ಹಾಕದೆ ನೇರವಾಗಿ. ಹೊಗಳಿಕೆ ಒಂಬೈನೂರು ಎಂಬಿ ತಿನ್ನಬಾರದು.

ಜೂನ್ 20, ಸೋಮವಾರ

ಸಿಕ್ಕಿತು. ಜೇಬಿನಲ್ಲಿ ಅಲ್ಲ, ಬೆಳಕಿನಲ್ಲೇ. 2009ರ ಡಿಸೆಂಬರ್, ಒಂಬತ್ತು ನಿಮಿಷ, 1.9 ಜಿಬಿ.

ಅಪ್ಪ ಬಿಳಿ ಷರಟು ಹಾಕಿಕೊಂಡು ಮೂಲೆ ಜಾಗದಲ್ಲಿ ಹೊಂಗೆಮರದ ಹತ್ತಿರ ನಿಂತಿದ್ದಾರೆ. ಹಿಂದೆ ಏರ್‌ಪೋರ್ಟ್ ಟ್ಯಾಕ್ಸಿಗಳು ಹೋಗುತ್ತಿವೆ. ಕಾಡಪ್ಪ ಕುರಿ ಹೊಡೆದುಕೊಂಡು ಬಂದ, ನಮ್ಮ ಊರಿನವನೇ, ಅಪ್ಪನ ಜೊತೆ ಓದು ಬಿಟ್ಟವನು. ನಿಂತು, ಇದೆಲ್ಲ ಮುಂದಕ್ಕೆ ಯಾರಿಗಣ್ಣ ಅಂತ ಕೇಳಿದ. ಅಪ್ಪ ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ.

“ಇನ್ಯಾರ್ಗಪ್ಪ? ಇಬ್ರವ್ರೆ, ಎಲ್ಡು ಭಾಗ. ಯಾವ್ದು ಬೇಕೋ ಅವ್ರವ್ರೇ ಆರಿಸ್ಕಳ್ಳಲಿ. ಮೂರ್ನೇದು ಅಂತ ತಾಪತ್ರಯ ಇಲ್ಲ ನಂಗೆ.”

ಆಗ ಕ್ಯಾಮೆರಾದ ಹಿಂದಿನಿಂದ ಒಂದು ಹೆಂಗಸಿನ ದನಿ ನಗುತ್ತ ಹೇಳುತ್ತದೆ:

“ಹೂನಪ್ಪ. ಒಂಚೂರು ಎಡಕ್ಕೆ ಬಾ, ಮುಖದ್ ಮೇಲೆ ನೆರಳು ಬೀಳ್ತೈತೆ.”

ಅದು ನಾನು. ಅವತ್ತು ಭಾನುವಾರ, ಊರಿಗೆ ಹೋಗಿದ್ದೆ, ಕ್ಯಾಮೆರಾ ನನ್ನ ಕೈಗೆ ಕೊಟ್ಟಿದ್ದರು. ಎಲ್ಲ ನೆನಪಿದೆ, ಕಾಡಪ್ಪನ ಕುರಿ ನನ್ನ ಸೀರೆ ಸೆರಗು ಜಗಿದದ್ದು ಕೂಡ. ಈ ಮಾತೊಂದು ನೆನಪಿರಲಿಲ್ಲ. ಅಪ್ಪ ಎಡಕ್ಕೆ ಬಂದರು, ಮುಖ ಚೆನ್ನಾಗಿ ಬಿದ್ದಿದೆ.

ಅಣ್ಣತಮ್ಮ ಇಬ್ಬರದೂ ಸುಳ್ಳು ಅಂತಾಯಿತಲ್ಲ, ನಗು ಬರಬೇಕಿತ್ತು. ಕಾಪಿ ಮಾಡಲು ಬಂದವರಿಗೆ ಎರಡು ಸಲ ತಪ್ಪು ಚಿಲ್ಲರೆ ಕೊಟ್ಟೆ.

ಜೂನ್ 21, ಮಂಗಳವಾರ

ನನ್ನ ಖುಲಾಸೆ ಟೈಪ್ ಮಾಡಿದೆ. ಧನಲಕ್ಷ್ಮಿ ಅಂತಿದ್ದ ಕಡೆಯೆಲ್ಲ ವೇದಾ ಅಂತ ಬದಲಾಯಿಸು ಅಂದೆ, ಕಂಪ್ಯೂಟರ್ ಹನ್ನೊಂದು ಕಡೆ ಬದಲಾಯಿಸಿತು. ಸ್ವಸಂತೋಷ ಹಾಗೇ ಇದೆ. ಇಪ್ಪತ್ತೆಂಟು ಕೆಬಿ. ಪ್ರಿಂಟ್ ತೆಗೆದು ಬ್ಯಾಗಿಗೆ ಹಾಕಿಕೊಂಡೆ. ತಲೆನೋವು, ಅಂಗಡಿ ಬೇಗ ಮುಚ್ಚಿದೆ.

ಜೂನ್ 23, ಗುರುವಾರ

ಜೇಬುಗಳೆಲ್ಲ ಖಾಲಿ. 14.6 ಪರ್ಸೆಂಟಿಗೆ ಬಂದು ನಿಂತಿದೆ. ಇನ್ನು ಎರಡು ಜಿಬಿ ಬೇಕು, ಅಷ್ಟೇ.

ಅಪ್ಪನ ಆ ವಿಡಿಯೋ ಅಳಿಸಿದರೆ ಸರಿಯಾಗಿ ಹದಿನೈದು ಆಗುತ್ತದೆ. ಅದರಿಂದ ಅಣ್ಣನಿಗೂ ಉಪಯೋಗವಿಲ್ಲ, ತಮ್ಮನಿಗೂ ಇಲ್ಲ. ನನಗಂತೂ ಮೊದಲೇ ಇಲ್ಲ. ಇಲ್ಲವೆ ಬಿನ್ ಖಾಲಿ ಮಾಡಿದರೂ ಆಗುತ್ತದೆ, ಅದರಲ್ಲಿ ನನ್ನ ನಾಲ್ಕು ಜಿಬಿ ಹನ್ನೊಂದು ದಿನದಿಂದ ಬಿದ್ದಿದೆ. ಬೆಳಗ್ಗೆಯೆಲ್ಲ ಇವೆರಡರ ಮೇಲೂ ಮೌಸ್ ಆಡಿಸಿದೆ. ಊಟದ ಹೊತ್ತಿಗೆ ಯೋಗಾನಂದ ರಜೆ ಹಾಕಿ ಡಬ್ಬಿ ತಂದರು. ವಿಡಿಯೋ ಹಾಕಿ ತೋರಿಸಿದೆ. ಅವರು ಮುದ್ದೆ ಮುರಿಯುವುದನ್ನು ನಿಲ್ಲಿಸಿ ಪೂರ್ತಿ ನೋಡಿದರು. ನಿಮ್ಮಪ್ಪ ಒಳ್ಳೆಯವರೇ ಇದ್ದರು ಅಂದರು. ಹೌದು ಅಂದೆ. ಆಮೇಲೆ ನೀನು ಎಷ್ಟು ನೆಟ್ಟಗೆ ಹಿಡಿದಿದ್ದೀಯ, ಒಂಬತ್ತು ನಿಮಿಷ ಕೈ ಅಲ್ಲಾಡಿಲ್ಲ ಅಂದರು. ಈ ಮನುಷ್ಯ ಏನನ್ನೋ ಹೇಳಬೇಕಾದಾಗ ಇನ್ನೇನನ್ನೋ ಹೇಳುವವರು. ನನಗೆ ಅಳು ಬಂತು. ಮೊಳಕೆ ಹುರುಳಿ ಸಾರು ಚೆನ್ನಾಗಿತ್ತು, ಅದಕ್ಕೂ ಇರಬಹುದು.

ಅವರು ಹೋದ ಮೇಲೆ ಶಿವರಾಮನ ಹದಿನೆಂಟು ಫ್ಲೆಕ್ಸ್ ಅಳಿಸಿದೆ, ಫೋನ್ ಇಟ್ಟುಬಿಡಪ್ಪ ಸಾಕು ಅಂದುಕೊಂಡು. ಅಣ್ಣನ ಭೂಮಿಪೂಜೆ ಏಳರಲ್ಲಿ ಆರನ್ನು ಅಳಿಸಿದೆ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಬಿನ್ನಿಗೆ ಹೋಗಿ ‘ವೇದಾ’ ಫೋಲ್ಡರನ್ನು ಇದ್ದ ಜಾಗದಲ್ಲೇ ಕೂರಿಸಿದೆ. ಹದಿನೆಂಟು ಪರ್ಸೆಂಟ್ ಖಾಲಿ.

ಡಿಫ್ರಾಗ್ ಒತ್ತಿದೆ. ಈ ಸಲ ಕಂಪ್ಯೂಟರ್ ತಕರಾರು ಎತ್ತಲಿಲ್ಲ.

ಜೂನ್ 24, ಶುಕ್ರವಾರ

ಇನ್ನೂ ಓಡುತ್ತಿದೆ. ಎರಡು ಸಲ ಕರೆಂಟ್ ಹೋಯಿತು, ಯುಪಿಎಸ್ ಮಾನ ಕಾಪಾಡಿತು. ಕೆಂಪು ಒಂದೊಂದೇ ಎದ್ದು ಹೋಗಿ ನೀಲಿ ಕೂರುತ್ತಿದೆ. ಗಿರಾಕಿಗಳನ್ನು ಬಿಟ್ಟು ಅದನ್ನೇ ನೋಡುತ್ತ ಕೂತಿದ್ದೆ. ಮಧ್ಯಾಹ್ನ ಮೂರಕ್ಕೆ ಮುಗಿಯಿತು. ಒಂದು ವಿಡಿಯೋ ಹಾಕಿದೆ. ಅಪ್ಪ ಎಲ್ಲೂ ಕಾಲೆತ್ತಿ ನಿಲ್ಲದೆ ಬದುವಿನ ಆ ಕೊನೆಯ ತನಕ ನಡೆದುಕೊಂಡು ಹೋದರು.

ಜೂನ್ 26, ಭಾನುವಾರ

ಎಲ್ಲಿಂದ ಶುರು ಮಾಡಲಿ. ಲ್ಯಾಪ್‌ಟಾಪ್ ಶಿವರಾಮನದು, ಜಗಲಿಯ ಮೇಲೆ ಮಣೆ ಹಾಕಿ ಅದರ ಮೇಲೆ ಇಟ್ಟರು. ಮಾವ ಅದಕ್ಕೆ ಕುಂಕುಮ ಇಡಿಸಿದರು. ಅಮ್ಮ ಮುನಿನಾರಾಯಣಮ್ಮ ಕಂಬಕ್ಕೊರಗಿ ಮೊರದಲ್ಲಿ ಹುಣಸೆಹಣ್ಣಿನ ಬೀಜ ತೆಗೆಯುತ್ತ ಕೂತಿದ್ದಳು, ಇದ್ಯಾವುದೂ ತನಗೆ ಸಂಬಂಧವಿಲ್ಲ ಅನ್ನುವ ಹಾಗೆ.

ಅಣ್ಣ ನಿನ್ನೆಯೇ ಅಂಗಡಿಗೆ ಬಂದು ಎರಡು ಪಾಲು ಮಾಡಿದ್ದ. ಭೂಮಿಪೂಜೆ ಒಂದೇ ಉಳಿದದ್ದು ಅವನ ಗಮನಕ್ಕೆ ಬರಲಿಲ್ಲ, ಅವನ ಕಣ್ಣು ಜಿಬಿಯ ಮೇಲಿತ್ತು. ನ್ಯಾಯವಂತ. ತಕ್ಕಡಿಯಲ್ಲಿಟ್ಟ ಹಾಗೆ ಆ ಕಡೆ ಎಷ್ಟೋ ಈ ಕಡೆಯೂ ಅಷ್ಟೇ ಜಿಬಿ. ಆದರೆ ಡಿವಿಡಿಯಿಂದ ಬಂದ ಮದುವೆಗಳು ಒಂದೊಂದು ಜಿಬಿಯ ತುಂಡಾಗಿರುತ್ತವೆ, ಅಣ್ಣ ತೂಕ ಸರಿಮಾಡಲು ಅವನ್ನು ಆ ಕಡೆ ಎರಡು, ಈ ಕಡೆ ಎರಡು ಹಾಕಿದ್ದ. ಹೇಳಿದೆ, ಕೇಳಲಿಲ್ಲ. ಶಿವರಾಮ ಎದೆಯುಬ್ಬಿಸಿ ಮೊದಲ ಪಾಲು ಆರಿಸಿದ. ತನ್ನ ಮದುವೆಯನ್ನು ಹಾಕಿ ನೋಡಿದ. ಬೀಗರು ಬಂದರು, ಕಾಶಿಯಾತ್ರೆ ಆಯಿತು, ವಾಲಗ ಜೋರಾಯಿತು, ಶಿವರಾಮ ಎರಡೂ ಕೈಯಲ್ಲಿ ತಾಳಿ ಎತ್ತಿದ, ಅಲ್ಲಿಗೆ ಕಪ್ಪು. ಕಟ್ಟುವುದು ಅಣ್ಣನ ಪಾಲಿಗೆ ಹೋಗಿತ್ತು.

ಆ ಗಲಾಟೆ ಬರೆಯುವುದಕ್ಕೆ ಇನ್ನೊಂದು ಡೈರಿ ಬೇಕು. ಶಿವರಾಮನ ಹೆಂಡತಿ ತೇಜಸ್ವಿನಿ, ಹಂಗಾದ್ರೆ ನಾನ್ಯಾರ ಹೆಂಡ್ತಿ ಅಂತ ಎಲ್ಲರ ಮುಂದೆ ಕೇಳಿದಳು. ಮಾವ ಕೋಲು ಕುಟ್ಟಿ, ಮೊದಲು ಮೂಲೆ ಜಾಗ ಇತ್ಯರ್ಥ ಆಗಲಿ, ಆ ವಿಡಿಯೋ ಸಿಕ್ತಾ ತಾಯಿ ಅಂತ ನನ್ನನ್ನು ಕೇಳಿದರು.

ಹಾಕಿದೆ. ಡಿಫ್ರಾಗ್ ಆದದ್ದು, ಎಲ್ಲೂ ತೊದಲಲಿಲ್ಲ. ಅಪ್ಪನ ಮುಖ ಕಂಡು ಮಾವ ಟವೆಲ್ ಕಣ್ಣಿಗೆ ಒತ್ತಿಕೊಂಡರು. ಇಬ್ರವ್ರೆ, ಎಲ್ಡು ಭಾಗ, ಆರಿಸ್ಕಳ್ಳಲಿ. ಎಡಕ್ಕೆ ಬಾ. ಮುಗಿಯಿತು. ಅಣ್ಣನೂ ತಮ್ಮನೂ ತಲೆ ತಗ್ಗಿಸಿದರು, ತಮ್ಮ ಹೆಸರು ಬರಲಿಲ್ಲ ಅಂತ. ಮಾವ ನಿಟ್ಟುಸಿರು ಬಿಟ್ಟು, ಭಾವ ಹೇಳಿದ ಮೇಲೆ ಮುಗೀತು, ಮೂಲೆಯನ್ನೂ ಎರಡು ಮಾಡಿ ಅಂದರು.

ಆಗ ಅಮ್ಮ ಮೊರದಿಂದ ತಲೆ ಎತ್ತಲಿಲ್ಲ. ಬೀಜ ತೆಗೆಯುತ್ತಲೇ ಕೇಳಿದಳು.

“ಆ ಕ್ಯಾಮ್ರಾ ಇಡ್ಕಂಡಿದ್ದೋರ್ ಯಾರು? ದೆವ್ವನಾ?”

ಅಣ್ಣ, ಅಮ್ಮ ನೀನು ಸುಮ್ನಿರು ಅಂದ. ಮಾವ ಮಾತು ತಿರುಗಿಸಲು ನನ್ನ ಕಡೆ ನೋಡಿ, ಕಾಗದ ತಂದಿದ್ದೀಯಲ್ಲ ತಾಯಿ ಅಂದರು. ಬ್ಯಾಗಿನಲ್ಲಿತ್ತು. ಕೈ ಹಾಕಿದೆ, ಕಾಗದ ಬೆರಳಿಗೆ ತಗುಲಿತು ಕೂಡ. ಕೈ ಅಲ್ಲೇ ಬಿಟ್ಟೆ.

“ನಂಗೂ ಒಂದ್ ಭಾಗ ಬೇಕು ಮಾವ.”

“ಏನು, ಡಿಸ್ಕ್‌ನಾಗಾ? ಕೊಡ್ಸನ ಬಿಡು.”

“ಎಲ್ಲದ್ರಲ್ಲೂ.”

ಇದನ್ನು ಹೇಳಿದ್ದು ನಾನೇ ಅಂತ ನಂಬಲು ಈಗಲೂ ಆಗುತ್ತಿಲ್ಲ, ಆದರೆ ಅಷ್ಟು ಜನ ಕೇಳಿದ್ದಾರೆ. ಅಣ್ಣ ಎದ್ದು ನಿಂತ. ನಿನಗೆ ಏನು ಕಮ್ಮಿ ಮಾಡಿದ್ದೀವಿ ಅಂದ. ಮದುವೆ ಮಾಡಿದ್ದನ್ನು ಹೇಳಿದ, ಬಾಣಂತನ ಹೇಳಿದ, ವರ್ಷವರ್ಷವೂ ಗೌರಿಹಬ್ಬದ ಸೀರೆ ಹೇಳಿದ. ಶಿವರಾಮ, ಅಕ್ಕ ನೀನು ಹಿಂಗ್ ಮಾಡ್ತೀಯ ಅಂತ ಅಂದ್ಕೊಂಡಿರ್ಲಿಲ್ಲ ಅಂದ, ಅಳುವವನ ಹಾಗೆ. ಎರಡು ತಿಂಗಳ ಮೇಲೆ ಇಬ್ಬರೂ ಒಂದೇ ಕಡೆ ನಿಂತಿದ್ದರು. ಮಾವ ಗಟ್ಟಿ ದನಿಯಲ್ಲಿ, ಹೆಣ್ಣುಮಕ್ಕಳು ಭಾಗ ಕೇಳುವುದು ನಮ್ಮ ವಂಶದಲ್ಲಿ ಇಲ್ಲ ಅಂದರು.

ಅಮ್ಮ ಮೊರ ಕೆಳಗಿಟ್ಟಳು. ಕೈಗೆ ಅಂಟಿದ ಹುಣಸೆಯನ್ನು ಒಂದೊಂದೇ ಬೆರಳಿಂದ ಬಿಡಿಸಿಕೊಂಡು ತನ್ನ ತಮ್ಮನನ್ನು ನೋಡಿದಳು.

“ನಿಂಗೂ ನಾನು ಬರ್ಕೊಟ್ಟೋಳೆ ಅಲ್ವೇನೋ ಆಂಜಿನಪ್ಪ? ಒಂದು ಸೀರೆ ಕೊಟ್ಟೆ. ಮೊದಲ್ನೇ ಒಗೆತಕ್ಕೇ ಬಣ್ಣ ಬಿಡ್ತು ಅದು.”

ಮಾವ ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. ನಲವತ್ತು ಚಿಲ್ಲರೆ ವರ್ಷದ ಹಿಂದಿನ ಸೀರೆ. ಅವರು ಕ್ಷಮೆ ಕೇಳುವ ಪೈಕಿಯಲ್ಲ. ಆಮೇಲೆ ತಮಗೆ ಗೊತ್ತಿರುವ ಒಂದೇ ವಿದ್ಯೆಗೆ ಹೋದರು, ಪದ್ಧತಿಗೆ.

“ಅನಂತ ಪಾಲು ಮಾಡ್ಲಿ. ಶಿವರಾಮ ಮೊದ್ಲು ಆರಿಸ್ಲಿ. ನಡುವಿನೋಳು ನಡುವೆ ಆರಿಸ್ತಾಳೆ. ಮಾಡ್ದೋನು ಕಡೇಗೆ.”

ಅಣ್ಣ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಶಿವರಾಮ ಲ್ಯಾಪ್‌ಟಾಪ್ ಮುಚ್ಚಿದ, ತೇಜಸ್ವಿನಿ ಮತ್ತೆ ತೆರೆದಳು, ತಾಳಿ ಹುಡುಕಲು. ಡಿಸ್ಕ್ ತೀರ್ಮಾನವಾಗುವ ತನಕ ನನ್ನ ಹತ್ತಿರವೇ ಇರಲಿ ಅಂದರು ಮಾವ. ಬಸ್ಸಿನಲ್ಲಿ ಬರುವಾಗ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ.

ಜೂನ್ 30, ಗುರುವಾರ

ರಿಜಿಸ್ಟ್ರೇಷನ್ ಆಗಲಿಲ್ಲ. ನಾಡಿದ್ದು ಆಷಾಢ, ಇನ್ನು ಏನಿದ್ದರೂ ಶ್ರಾವಣಕ್ಕೆ. ಅಣ್ಣ ಫೋನ್ ಎತ್ತುತ್ತಿಲ್ಲ. ಗೌರಿಹಬ್ಬಕ್ಕೆ ಸೀರೆ ಬರುವುದು ಅನುಮಾನ. ಲಾಯರ್ ಫೋನ್ ಮಾಡಿ ಮೂರು ಭಾಗದ ಕರಡು ಟೈಪ್ ಮಾಡುವುದು ನಿಮ್ಮ ಅಂಗಡಿಯಲ್ಲೋ ಬೇರೆ ಕಡೆಯೋ ಅಂತ ಕೇಳಿದರು. ಬೇರೆ ಕಡೆ ಮಾಡಿಸಿ ಸರ್ ಅಂದೆ.

ಶಿವರಾಮ ಬಂದಿದ್ದ. ಜೆರಾಕ್ಸ್ ಮೆಷಿನ್ನಿನ ಮುಚ್ಚಳ ಎತ್ತಿ ಇಳಿಸುತ್ತ, ತೇಜು ಮಾತಾಡ್ತಿಲ್ಲ ಅಕ್ಕ, ಆ ತಾಳಿ ಕಟ್ಟೋ ಪೀಸ್ ಒಂದು ಕೊಡ್ತೀಯಾ ಅಂದ. ನಕಲು ಆಗುತ್ತಲ್ಲೋ ಅಂದೆ. ಆಗಲಿ ಅಂದ. ಪೆನ್‌ಡ್ರೈವಿಗೆ ಹಾಕಿ ಕೊಟ್ಟೆ. ಬಾಗಿಲ ತನಕ ಹೋದವನು ತಿರುಗಿ, ನನ್ನ ಫ್ಲೆಕ್ಸ್‌ಗಳು ಕಾಣ್ತಿಲ್ಲ ಅಂತ ಅಣ್ಣ ಹೇಳ್ದ ಅಂದ. ಖರಾಬಿಗೆ ಹೋಯಿತು ಅಂದೆ. ಅವನಿಗೆ ನಗು ಬಂತು, ತಡೆದುಕೊಂಡು ಹೋದ.

ಮಧ್ಯಾಹ್ನ ಇನ್ನೊಬ್ಬಳು ಬಂದಳು ಖುಲಾಸೆಗೆ. ಟೈಪ್ ಮಾಡುವ ಮುಂಚೆ ಅವಳನ್ನು ಕೂರಿಸಿ, ಕೇಳದಿದ್ದರೂ ಪೂರ್ತಿ ಓದಿ ಹೇಳಿದೆ. ಅವಳ ಅಣ್ಣ ಗಡಿಯಾರ ನೋಡಿಕೊಳ್ಳುತ್ತಿದ್ದ, ನೋಡಿಕೊಳ್ಳಲಿ. ಅವಳು ಮನೆಗೆ ಹೋಗಿ ಯೋಚನೆ ಮಾಡಿ ಬರುತ್ತೇನೆ ಅಂದಳು. ವ್ಯಾಪಾರಕ್ಕೆ ಒಳ್ಳೆಯದಲ್ಲ.

ಅವಳಿಗಾಗಿ ಹಳೆಯ ಫೈಲ್ ಹುಡುಕುವಾಗ ನನ್ನದು ಕಣ್ಣಿಗೆ ಬಿತ್ತು. ಹನ್ನೊಂದು ಕಡೆ ವೇದಾ. ಡಿಲೀಟ್ ಒತ್ತಿದೆ. ಖಚಿತವೇ ಅಂತ ಕೇಳಿತು, ಹೂಂ ಅಂದೆ. ಇಪ್ಪತ್ತೆಂಟು ಕೆಬಿ, ಅದರಿಂದ ಜಾಗವೇನೂ ಹೆಚ್ಚುವುದಿಲ್ಲ. ಆದರೂ ಬಿನ್ನನ್ನೂ ಖಾಲಿ ಮಾಡಿದೆ.